ಬುಡ್ಡೇಸಾಬನ ಕೈಗುಣ

ಮೂರನೇ ಹಿಡಿ ಮಣ್ಣನ್ನು ಸಂಗಪ್ಪ ಗೋರಿಯ ಕುಣಿಗೆ ಹಾಕಲಿಲ್ಲ, ಎಸೆದ.

ಸತ್ತ ಬುಡ್ಡೇಸಾಬನ ತಮ್ಮ ದಾದಾಪೀರ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. "ಹಮ್ಮಿಗಿ ಹೊಳ್ಯಾಗ ಇನ್ನ ಯಾರ ಗಾಳ ಹಾಕ್ತಾರೋ! ನಮ್ಮಣ್ಣನ ಕೈಗುಣ ಯಾರಿಗೂ ಬರಂಗಿಲ್ಲ."

"ಖರೆ ಐತಿ," ಎಂದರೊಬ್ಬರು. "ಆ ಕಟ್ಲಾ ಮೀನ ನೆನಪೈತೇನ್ರಿ? ಕೂಸಿನಂಗ ಹೆಗಲ ಮ್ಯಾಲೆ ಹೊತ್ಕೊಂಡ ಬಂದಿದ್ದ!"

ಸಂಗಪ್ಪನ ಹೊಟ್ಟೆಯೊಳಗೆ ಕಿಚ್ಚು ಹೊತ್ತಿತು. ಅಲ್ರಲೇ, ಆ ಕಟ್ಲಾ ನಂದು! ಸತ್ತ ಗೆಳೆಯನ ಮೇಲೆ ಹೊಟ್ಟೆಕಿಚ್ಚುಪಡುವುದು ಎಂಥ ಸಣ್ಣತನವೆಂದು ಅವನಿಗೆ ಗೊತ್ತಿತ್ತು. ಆದರೂ ಪಟ್ಟ.

*

ಗದಗ ಹೊಸ ಜಿಲ್ಲೆಯಾದ ವರ್ಷ ಹತ್ತಿದ ಗಾಳದ ಚಟ ಅದು. ಹೊಲಕ್ಕೆ ನೀರು ಬಿಡುವ ನೆಪದಲ್ಲಿ ಸಂಗಪ್ಪ ಹೊಳೆದಂಡೆಗೆ ಬರುತ್ತಿದ್ದ. ಲಿಂಗವಂತರ ಮನೆ; ಮೀನಿನ ವಾಸನೆ ಬಡಿದರೆ ಹೆಂಡತಿ ಶಾರದವ್ವ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಅವನು ಎರೆಹುಳು ಮುಟ್ಟುತ್ತಿರಲಿಲ್ಲ, ರೊಟ್ಟಿಹಿಟ್ಟನ್ನೇ ಗಾಳಕ್ಕೆ ಮೆತ್ತುತ್ತಿದ್ದ. ಮೀನು ಬಿದ್ದರೆ ದಂಡೆಗೆಳೆದು ದೂರ ನಿಲ್ಲುತ್ತಿದ್ದ.

"ಬಿಡಿಸೋ ಬುಡ್ಡ್ಯಾ, ನಾ ಮುಟ್ಟಂಗಿಲ್ಲ."

"ಹಿಡ್ಯಾಕ ಮಡಿ ಇಲ್ಲ, ಬಿಡಸಾಕ ಮಡಿ ನೋಡಲೇ ನಿಂದು!"

ಬುಡ್ಡೇಸಾಬನ ಗಾಳಕ್ಕೆ ಬೀಳುತ್ತಿದ್ದುದು ಬೆರಳುದ್ದದ ಮೀನು. ಆದರೆ ದಾರಿಹೋಕರಿಗೆ ದೊಡ್ಡ ಮೀನು ಕಾಣುತ್ತಿದ್ದುದು ಅವನ ಕೈಯಲ್ಲೇ. ಅವರು ಭೇಷ್ ಎಂದರೆ ಅವನು ಮೀಸೆ ತಿರುವುತ್ತಿದ್ದ. ಮನೆಗೆ ಸುದ್ದಿ ಮುಟ್ಟೀತೆಂದು ಸಂಗಪ್ಪ ಹಲ್ಲು ಕಚ್ಚಿಕೊಂಡು ಹೊಲದ ಕಡೆ ತಿರುಗುತ್ತಿದ್ದ.

*

ಮಣ್ಣು ಮುಗಿಸಿ ಎಲ್ಲರೂ ಸತ್ತವನ ಮನೆಗೆ ಬಂದರು. ಪರದೆಯ ಹಿಂದಿನಿಂದ ಬುಡ್ಡೇಸಾಬನ ಹೆಂಡತಿ ಮೋತಿಬಿ ಸಣ್ಣಗೆ ಕರೆದಳು.

"ಸಂಗಪ್ಪಣ್ಣಾ, ಇಷ್ಟ ವರ್ಷ ನಿಮ್ಮ ಮೀನ ಉಂಡೇವ್ರಿ."

"ನನ್ನವಾ? ಯಾರ ಹೇಳಿದ್ರವ್ವಾ?"

"ಅವರ, ನಮ್ಮ ಮನಿಯವರು. 'ಇದೂ ಸಂಗ್ಯಾಂದ. ನನಗ ಒಂದ ದೊಡ್ಡದು ಬೀಳವಲ್ದು' ಅಂತ ದಿನಾ ಹೊಟ್ಟಿ ಉರಕೊಂತಿದ್ರು. 'ಹೊರಗ ಬಾಯಿ ಬಿಟ್ಟೀ ಜ್ವಾಕಿ, ಅವನ ಮನ್ಯಾಗ ಜಗಳ ಆಕ್ಕೈತಿ' ಅಂತಿದ್ರು."

ಸಂಗಪ್ಪನಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು.

ಹೊರಗೆ ದಾದಾಪೀರ ಗೋಡೆಗಾನಿಸಿದ್ದ ಎರಡು ಬಿದಿರುಕೋಲುಗಳನ್ನು ಎತ್ತಿಕೊಂಡಿದ್ದ. "ಅಣ್ಣನ ಗಾಳ. ಅಟ್ಟಕ್ಕ ಹಾಕ್ತೀನಿ."

"ತಡಿಯೋ," ಎಂದ ಸಂಗಪ್ಪ, ಎಲ್ಲರಿಗೂ ಕೇಳುವಂತೆ. "ಅದರಾಗ ಒಂದು ನಂದೈತಿ."

ಕೋಲನ್ನು ಹೆಗಲಿಗಿಟ್ಟು ನಡುಮಧ್ಯಾಹ್ನ ತನ್ನ ಓಣಿಗೆ ತಿರುಗಿದ. ಮಣ್ಣಿಗೆ ಹೋಗಿ ಬಂದವನ ಕಾಲಿಗೆ ನೀರು ಕೊಡಲು ಶಾರದವ್ವ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಕೋಲಿನ ತುದಿಗೆ ಹೋಯಿತು. ಅಲ್ಲಿ ತೂಗುವ ಗಾಳಕ್ಕೆ ಅವಳೇ ನಾದಿದ ರೊಟ್ಟಿಹಿಟ್ಟು ಒಣಗಿ ಅಂಟಿಕೊಂಡಿತ್ತು.