ಪೈಪಿಲ್ಲದೆ ಹರಿದ ನೀರು

ಹೆಂಡತಿಯ ತಮ್ಮನ ಅಂಗಿಗೆ ಕಿತ್ತುಹೋದ ಗುಂಡಿ ಹಾಕಿಕೊಡುತ್ತಿದ್ದ ಟೈಲರ್ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡ.

"ಭಾವ, ಅಕ್ಕನ್ನ ಎತ್ತೋ ಮುಂಚೆ ಅವಳ ಕೆಲಸದ ಬಗ್ಗೆ ನೀವೇ ಎರಡು ಮಾತಾಡ್ಬೇಕು" ಎಂದಿದ್ದ ಅವನು.

ಒಳಕೋಣೆಯಲ್ಲಿ ತೀರಿಕೊಂಡ ಹೆಂಡತಿಯನ್ನು ಮಲಗಿಸಿದ್ದರು, ಟೈಲರ್ ತಾನೇ ಹೊಲಿದ ನೀಲಿ ಬಟ್ಟೆಯಲ್ಲಿ. ಹಜಾರದ ತುಂಬ ಅವಳ ಚಿಪ್ ಕಂಪನಿಯವರು. ಅವರೆದುರು ಏನು ಹೇಳುವುದು? ಇಷ್ಟು ವರ್ಷ ಜೊತೆಗೆ ಬಾಳಿದವಳ ಕೆಲಸ ಅವನ ತಲೆಗೆ ಒಂದಿಷ್ಟೂ ಹತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ.

*

ಅವಳು ಹೇಳಿಕೊಟ್ಟಿರಲಿಲ್ಲವೆಂದಲ್ಲ. ಊಟಕ್ಕೆ ಕೂತಾಗ ಶುರುಹಚ್ಚಿಕೊಂಡರೆ ಮುಗಿಯಿತು.

"ಕೆಪಾಸಿಟರ್ ಅಂದ್ರೆ ಚಾರ್ಜ್ ತುಂಬಿಟ್ಕೊಳ್ಳೋ ಪುಟ್ಟ ಪಾತ್ರೆ ಕಣ್ರೀ. ಆ ಕಡೆ ಈ ಕಡೆ ಒಂದೊಂದು ಸ್ವಿಚ್..."

ಅವನು ಹ್ಞೂಂಗುಟ್ಟುತ್ತಿದ್ದ. ಅವಳು ಉಮೇದಿನಿಂದ ಕೈ ಆಡಿಸುವುದನ್ನು ನೋಡುವುದೇ ಅವನಿಗೆ ಖುಷಿ.

"ಏನು ಅರ್ಥ ಆಯ್ತು, ಹೇಳಿ ನೋಡೋಣ?"

"ಸ್ವಿಚ್ ಅರ್ಥ ಆಯ್ತು."

ಅವಳು ಬಿದ್ದು ಬಿದ್ದು ನಗುತ್ತಿದ್ದಳು.

*

ಕಂಪನಿಯಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಹೆಂಗಸು ಹಿತ್ತಲಲ್ಲಿ ಲೋಟ ತೊಳೆಯಲು ತೊಟ್ಟಿಯಿಂದ ಮಗ್ಗಿನಲ್ಲಿ ಬಕೆಟ್ಟಿಗೆ ನೀರು ತುಂಬುತ್ತಿದ್ದಳು. ಟೈಲರ್ ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ.

"ಅಮ್ಮಾ, ನನ್ನ ಮಾನ ಉಳಿಸು. ಅವಳು ಮಾಡ್ತಿದ್ದಿದ್ದಾದ್ರೂ ಏನು?"

"ಅಯ್ಯೋ ಭಾವ! ನಿಮಗೇನೂ ಗೊತ್ತಾಗ್ತಿರಲಿಲ್ಲ ಅಂತ ಅಕ್ಕಂಗೆ ಗೊತ್ತಿತ್ತು. 'ತಪ್ಪು ಜಾಗದಲ್ಲೇ ತಲೆಯಾಡಿಸ್ತಾರೆ, ನೋಡೋಕೆ ಎಷ್ಟು ಚೆನ್ನಾಗಿರುತ್ತೆ' ಅಂತಿದ್ರು."

ಕಣ್ಣೊರೆಸಿಕೊಂಡು ಮಗ್ ಎತ್ತಿ ತೋರಿಸಿದಳು.

"ತೊಟ್ಟಿಗೂ ಬಕೆಟ್ಟಿಗೂ ನಡುವೆ ಪೈಪಿಲ್ಲ. ತೊಟ್ಟಿಯಿಂದ ಮೊಗೀತೀನಿ, ಬಕೆಟ್ಟಿಗೆ ಸುರೀತೀನಿ. ಈ ಮಗ್ಗೇ ಕೆಪಾಸಿಟರ್. ತುಂಬ್ಕೊಳ್ಳೋಕೆ ಒಂದು ಸ್ವಿಚ್, ಸುರಿಯೋಕೆ ಒಂದು. ಎರಡನ್ನೂ ಒಟ್ಟಿಗೆ ಹಾಕೋ ಹಾಗಿಲ್ಲ. ಬೇಗ ಬೇಗ ಮಾಡಿದ್ರೆ ದಪ್ಪ ಪೈಪ್ ಇದ್ದಷ್ಟು ಹರಿಯುತ್ತೆ, ನಿಧಾನ ಮಾಡಿದ್ರೆ ಸಣ್ಣ ಪೈಪಿನಷ್ಟು. ಚಿಪ್ಪಲ್ಲಿ ಸೆಕೆಂಡಿಗೆ ಸಾವಿರಾರು ಸಲ. ಎಷ್ಟು ಕರೆಂಟ್ ಹರೀಬೇಕು ಅನ್ನೋದನ್ನ ಅಕ್ಕ ಬರೀ ವೇಗದಲ್ಲೇ ಹಿಡಿತಕ್ಕೆ ತರ್ತಿದ್ರು."

ಅವನು ಮಗ್ ಇಸಿದುಕೊಂಡು ತಾನೇ ಮೊಗೆದ, ಸುರಿದ. ಬೇಗ, ನಿಧಾನ, ಮತ್ತೆ ಬೇಗ. ಮುಖ ಅರಳಿತು. ಆಮೇಲೆ ಮಗ್ಗಿನ ತಳ ನೋಡಿ ಹುಬ್ಬು ಗಂಟಿಕ್ಕಿದ.

"ಪ್ರತಿ ಸಲಾನೂ ತಳದಲ್ಲಿ ಒಂಚೂರು ಉಳ್ಕೊಳ್ಳುತ್ತಲ್ಲ, ಅದನ್ನೇನು ಮಾಡ್ತಾಳೆ?"

ಮದುವೆಯಾದಂದಿನಿಂದ ಅವಳ ಕೆಲಸದ ಬಗ್ಗೆ ಅವನಿಗೆ ಹುಟ್ಟಿದ ಮೊದಲ ಪ್ರಶ್ನೆ ಅದು. ಎಂಜಿನಿಯರ್ ಉತ್ತರ ಹೇಳಲು ಬಾಯಿ ತೆರೆದಳು. ಅವನು ನಿಲ್ಲಲಿಲ್ಲ. ಮಗ್ ಹಿಡಿದೇ, ಕೂತವರ ನಡುವೆ ನೀರು ತೊಟ್ಟಿಕ್ಕಿಸುತ್ತ, ಅವಳನ್ನೇ ಕೇಳಲು ಒಳಕೋಣೆಗೆ ಹೋದ.