ಜೋಡಿ ಬಾಚಣಿಗೆಯ ಕೊನೆಯ ಸಂಪುಟ

ಓದುವವರ ಕಾಟ ಏನು ಅಂತ ತಿಳಿಯಬೇಕಾದರೆ ನಕಲು ಬರೆಯುವವನನ್ನು ಕೇಳಬೇಕು. ಮೂವತ್ತೊಂದು ವರ್ಷ ರಾಜಧಾನಿ ಹಾನ್‌ಯಾಂಗ್ ಪಟ್ಟಣದ ಹಳ್ಳದ ದಂಡೆಯ ಬಾಡಿಗೆ ಪುಸ್ತಕದಂಗಡಿಯಲ್ಲಿ ಕೂತು, ಕಥೆ ನಕಲು ಮಾಡಿ ಮಾಡಿ ಬೆರಳು ಸೊಟ್ಟ ಮಾಡಿಕೊಂಡವನು ನಾನು. ಹೆಸರು ಪ್ಯೋ. ಸರ್ಕಾರಿ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಮುಖ ಕೆಳಗೆ ಹಾಕಿಕೊಂಡು ಬಂದವನು. ಆದರೂ ಜನ ಮೇಷ್ಟ್ರೇ ಅಂತಾರೆ. ಈ ಕಥೆ ಕೇಳಿದ ಮೇಲೆ ಹಾಗೆ ಕರೆಯಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ನಮ್ಮಂಗಡಿಯಲ್ಲಿ ಎಲ್ಲರೂ ಮುಗಿಬಿದ್ದು ಒಯ್ಯುತ್ತಿದ್ದದ್ದು ‘ಜೋಡಿ ಬಾಚಣಿಗೆ’. ಹಿಂದಿನ ಕೊರ್ಯೊ ರಾಜರ ಕಾಲದ ಪ್ರೇಮದ ಕಥೆ, ಎಂಬತ್ತನಾಲ್ಕು ಸಂಪುಟ. ನಮ್ಮ ಯಜಮಾನ ಮೇಂಗ್ ದಪ್ಪನೆಯವನ್ನೆಲ್ಲ ಸೀಳಿಸಿ ನೂರಿಪ್ಪತ್ತಕ್ಕೆ ಎಳೆದಿದ್ದ. ವೂ ಸೇನಾಪತಿ, ಅವನ ಹೆಂಡತಿ ಉನ್ಹೆ. ಮದುವೆಯ ದಿನ ಇಬ್ಬರೂ ಒಂದೊಂದು ಬಾಚಣಿಗೆ ಇಟ್ಟುಕೊಂಡಿರುತ್ತಾರೆ. ಅತ್ತೆಯ ಚಾಡಿಗೆ ಹದಿನೆಂಟನೇ ಸಂಪುಟದಲ್ಲಿ ಉನ್ಹೆಯನ್ನು ಮನೆಯಿಂದ ಕಳಿಸುತ್ತಾರೆ. ಅವಳು ನದಿಯ ದಡದ ಆಶ್ರಮದಲ್ಲಿ ಕಾಯುತ್ತಾಳೆ, ಅಲ್ಲಿಯ ಅಂಬಿಗನೊಬ್ಬ ಅವಳ ಕಷ್ಟಸುಖ ನೋಡಿಕೊಳ್ಳುತ್ತಾನೆ. ಆಮೇಲಿನದೆಲ್ಲ ಸೇನಾಪತಿಯ ಯುದ್ಧ, ಅವನ ಎರಡನೇ ಹೆಂಡತಿ, ಮತ್ತೆ ಇವಳ ಕಾಯುವಿಕೆ.

ಬಾಡಿಗೆ ಪುಸ್ತಕಕ್ಕೆ ಒಂದು ಕಟ್ಟಳೆ ಇದೆ. ಹಾಳೆಗೆ ಎಣ್ಣೆ ಸವರಬೇಕು, ಪುಟ ತಿರುವುವ ಮೂಲೆಯಲ್ಲಿ ಎರಡಕ್ಷರದಷ್ಟು ಜಾಗ ಖಾಲಿ ಬಿಡಬೇಕು. ನೂರಾರು ಜನರ ಹೆಬ್ಬೆಟ್ಟಿನ ಎಂಜಲಿಗೆ ಅಕ್ಷರ ಕರಗಬಾರದಲ್ಲ, ಅದಕ್ಕೆ. ಓದುವವರು ಖಾಲಿ ಜಾಗ ಕಂಡರೆ ಸುಮ್ಮನಿರುವ ಪೈಕಿಯಲ್ಲ. ಆ ಮೂಲೆ, ಮೇಲಂಚು, ಕೆಳಗಂಚು, ಎಲ್ಲ ಕಡೆ ತಮ್ಮ ಅಭಿಪ್ರಾಯ ಗೀಚಿ ಕಳಿಸುತ್ತಿದ್ದರು. ‘ಯುದ್ಧ ಸಾಲದು, ಈ ಹೆಂಗಸಿನ ಗೋಳೇ ಆಯಿತು’ ಅಂತ ಯಾವನೋ ಗುಮಾಸ್ತ. ಅವನ ಕೆಳಗೇ, ‘ಯುದ್ಧ ಬೇಕಿದ್ದರೆ ದಂಡಿಗೆ ಸೇರು, ನಮಗೆ ಉನ್ಹೆ ಬೇಕು.’ ‘ಅಂಬಿಗ ಇಷ್ಟು ಒಳ್ಳೆಯವನಿದ್ದಾನೆ, ಇವಳಿಗೇನು ಕಣ್ಣು ಕಾಣಿಸುವುದಿಲ್ಲವೇ?’ ‘ಒಂದು ಸಂಪುಟವನ್ನು ಎರಡು ಮಾಡಿದ ಯಜಮಾನನ ಜುಟ್ಟು ಉದುರಿಹೋಗಲಿ.’ ಪುಸ್ತಕ ವಾಪಸು ಬಂದಾಗ ಚಾಕು ಹಿಡಿದು ಅದನ್ನೆಲ್ಲ ಕೆರೆದು ತೆಗೆಯುವುದು ನನ್ನ ಕೆಲಸ. ಜುಟ್ಟಿನ ಮಾತನ್ನು ಮಾತ್ರ ಯಜಮಾನ ನೋಡಲಿ ಅಂತ ಬಿಡುತ್ತಿದ್ದೆ.

ಆ ಗೀಚುಗಳ ನಡುವೆ ಒಂದು ಸಣ್ಣ ನೆಟ್ಟಗಿನ ಬರಹ ಇರುತ್ತಿತ್ತು. ಹೆಬ್ಬೆಟ್ಟಿನ ಮೂಲೆಯಲ್ಲೇ, ಹತ್ತಾರು ಸಂಪುಟಕ್ಕೊಮ್ಮೆ, ಅದೇ ಮಾತು: ‘ಅವಳದೇನೂ ತಪ್ಪಿಲ್ಲ. ಕರೆಸಿಕೊಳ್ಳುತ್ತಾನೆ.’

ಬರೆದವಳು ಯಾರು ಅಂತ ನನಗೆ ಗೊತ್ತಿತ್ತು. ಯಾಂಗ್ಜುವಮ್ಮ. ಯಾಂಗ್ಜು ಅವಳ ತವರೂರು, ನಮ್ಮಲ್ಲಿ ಮದುವೆಯಾದ ಹೆಣ್ಣನ್ನು ತವರಿನ ಹೆಸರಿಂದಲೇ ಕರೆಯುವುದು. ಮದುವೆಯಾಗಿ ಐದು ವರ್ಷ ಮಕ್ಕಳಾಗಲಿಲ್ಲ ಅಂತ ಕೋಟೆಯ ಪೂರ್ವ ಬಾಗಿಲಾಚೆಯ ಕಾಗದದ ವ್ಯಾಪಾರಿಯ ಮನೆಯಿಂದ ಅವಳನ್ನು ಕಳಿಸಿದ್ದರು. ‘ಒಂದು ತಿಂಗಳು ನಿನ್ನಣ್ಣನ ಮನೇಲಿರು, ಪಲ್ಲಕ್ಕಿ ಕಳಿಸ್ತೀನಿ’ ಅಂದಿದ್ದನಂತೆ ಗಂಡ. ತಿಂಗಳು ಕಳೆದು ಎರಡು ವರ್ಷವಾಗಿತ್ತು. ಪಟ್ಟಣದಲ್ಲೇ ಇದ್ದ ಅಣ್ಣನ ಮನೆಯಲ್ಲಿ ಕೂತು ಊರವರ ಬಟ್ಟೆ ಹೊಲಿಯುತ್ತಿದ್ದಳು, ಸಂಪುಟದ ಮೇಲೆ ಸಂಪುಟ ಒಯ್ಯುತ್ತಿದ್ದಳು.

“ಮೇಷ್ಟ್ರೇ, ಅವನು ಅವಳನ್ನ ಕರೆಸ್ಕೋತಾನೋ ಇಲ್ವೋ, ಅದೊಂದು ಹೇಳ್ಬಿಡಿ.”

“ಹೇಳಿದ್ರೆ ಯಜಮಾನ ನನ್ನನ್ನೇ ಮನೆಯಿಂದ ಕಳಿಸ್ತಾನೆ. ಓದೀಮ್ಮ, ಓದಿ.”

ಒಂದು ದಿನ ಒಣಮೀನು ಮಾರುವ ಒಕ್ಚನಮ್ಮ ಅವಳ ಜೊತೆ ಬಂದಳು. ಬಾಯಿ ಜೋರು, ಮನಸ್ಸು ಒಳ್ಳೆಯದು.

“ನೋಡಿ ಮೇಷ್ಟ್ರೇ, ಇವಳಿಗೆ ನೀವಾದ್ರೂ ಬುದ್ಧಿ ಹೇಳಿ. ಮಾಪೋ ದಡದ ದೋಣಿ ಗ್ವಾಕ್ ಇವಳನ್ನ ಮದುವೆಯಾಗ್ತೀನಿ ಅಂತ ಕೂತವ್ನೆ. ಹೆಂಡ್ತಿ ಸತ್ತು ನಾಕು ವರ್ಷ. ಉಪ್ಪು ಹಾಕಿದ ಸೀಗಡಿ ವಾಸನೆ ಬಿಟ್ರೆ ಅವನಲ್ಲಿ ಕೆಟ್ಟದ್ದು ಇನ್ನೇನೂ ಇಲ್ಲ. ಹೊಳೆಯ ಮಂಜುಗಡ್ಡೆ ಕರಗ್ತಲೇ ದಕ್ಷಿಣಕ್ಕೆ ಹೋಗ್ತಾನಂತೆ, ಅಷ್ಟರೊಳಗೆ ಹೂಂ ಅನ್ನು ಅಂದ್ರೆ, ಈ ಮಹಾತಾಯಿ ಏನಂತಾಳೆ ಗೊತ್ತಾ? ಕೊನೇ ಸಂಪುಟ ಓದಿ ಉತ್ತರ ಹೇಳ್ತಾಳಂತೆ.”

“ತಮಾಷೆಗೆ ಅಂದೆ ಕಣಕ್ಕ,” ಅಂದಳು ಯಾಂಗ್ಜುವಮ್ಮ. ಕಿವಿ ಎರಡೂ ಕೆಂಪಾಗಿದ್ದವು. ತಮಾಷೆಯಲ್ಲ ಅಂತ ನನಗೆ ಗೊತ್ತಾಯಿತು.

ಇನ್ನೂ ಒಂದು ಸಂಗತಿ ನನಗೆ ಗೊತ್ತಿತ್ತು. ಅದನ್ನು ಹೇಳದೆ ಮುಂದಕ್ಕೆ ಹೋದರೆ ಈ ಕಥೆಯೂ ಸುಳ್ಳಾಗುತ್ತದೆ. ಅವಳು ಎಂಬತ್ತನೇ ಸಂಪುಟದಲ್ಲಿದ್ದಾಗ ಅವಳ ಗಂಡ, ಆ ಕಾಗದದ ವ್ಯಾಪಾರಿ, ನಮ್ಮಂಗಡಿಗೆ ಬಂದಿದ್ದ. ಹೊಸ ಟೋಪಿ, ಹೊಸ ನಗು. “ಜೋಡಿ ಬಾಚಣಿಗೆ ಮೊದಲನೇ ಸಂಪುಟ ಕೊಡಿ. ಮನೇಲಿ ಬಸುರಿ ಹೆಂಗಸು, ಹೊತ್ತು ಹೋಗಲ್ಲ ಅಂತಾಳೆ,” ಅಂದ. ಹೊಸ ಹೆಂಡತಿ. ಆಮೇಲೆ ವಾರಕ್ಕೊಮ್ಮೆ ಬಂದು ಒಯ್ಯುತ್ತಿದ್ದ. ಇಪ್ಪತ್ತೆರಡನೇ ಸಂಪುಟದಲ್ಲಿ, ಸೇನಾಪತಿಯ ಎರಡನೇ ಮದುವೆ ನಡೆಯುವಲ್ಲಿ, ದುಂಡನೆಯ ಎಳಸು ಬರಹ ಕಂಡಿತು: ‘ಎಲ್ಲರೂ ಉನ್ಹೆಗೇ ಅಳುತ್ತೀರಿ. ಆಮೇಲೆ ಬಂದವಳದು ಏನು ತಪ್ಪು?’ ಅದನ್ನು ಕೆರೆದು ತೆಗೆದೆ. ಒಂದೇ ಕಥೆಯನ್ನು ಇಬ್ಬರು ಹೆಂಡಿರೂ ಓದುತ್ತಿದ್ದಾರೆ ಅಂತ ಊರಲ್ಲಿ ತಿಳಿದಿದ್ದವನು ನಾನೊಬ್ಬನೇ. ಬಾಯಿಗೆ ಬೀಗ ಹಾಕಿಕೊಂಡೆ. ನನಗ್ಯಾಕೆ ಊರ ಉಸಾಬರಿ ಅಂತ ನನಗೆ ನಾನೇ ಹೇಳಿಕೊಂಡೆ.

ಆ ಚಳಿಗಾಲದಲ್ಲಿ ಕೊನೆಯ ಸಂಪುಟದ ನಕಲು ಶುರುಮಾಡಬೇಕಾಗಿತ್ತು. ಮೂಲಪ್ರತಿ ನನ್ನ ಪೆಟ್ಟಿಗೆಯಲ್ಲಿತ್ತು. ಮೂಲದಲ್ಲಿ ಸೇನಾಪತಿ ಬರುವುದೇ ಇಲ್ಲ. ಮೂರನೇ ಚಳಿಗಾಲ ಮುಗಿದ ಮೇಲೆ ಉನ್ಹೆ ಬಾಚಣಿಗೆಯನ್ನು ಆಶ್ರಮದ ಕಟ್ಟೆಯ ಮೇಲಿಟ್ಟು ದೋಣಿ ಹತ್ತುತ್ತಾಳೆ. ಎಲ್ಲಿಗೆ ಅಂತ ಬರೆದಿಲ್ಲ. ಅಷ್ಟೇ, ಮುಗಿಯಿತು.

ಯಜಮಾನ ಮೇಂಗ್ ಅದನ್ನು ಓದಿಸಿ ಕೇಳಿ ಮೂಗು ಮುರಿದ. “ಇದನ್ನ ಕೊಟ್ರೆ ಜನ ಅಂಗಡಿಗೆ ಬೆಂಕಿ ಹಚ್ತಾರೆ ಕಣಯ್ಯ. ಅಂಚಲ್ಲಿ ಏನು ಬರೆದವ್ರೆ ನೋಡಿಲ್ವಾ? ‘ಉನ್ಹೆಯನ್ನ ಕರೆಸದಿದ್ರೆ ಈ ಹಾಳೆಯೆಲ್ಲ ಹರಿದು ಕಿಟಕಿಗೆ ಅಂಟಿಸ್ತೀನಿ’ ಅಂತ. ಕರೆಸು ಅವಳನ್ನ. ನಿನ್ನ ಕೈ ಚೆನ್ನಾಗಿದೆ, ಕಣ್ಣೀರು ಬರೋ ಹಾಗೆ ಕರೆಸು.”

ಯಜಮಾನ ಹೇಳಿದ, ನಾನು ಬರೆದೆ ಅಂತ ಕೈ ತೊಳೆದುಕೊಳ್ಳಬಹುದಿತ್ತು. ನಿಜ ಹಾಗಿಲ್ಲ. ನಾನು ಖುಷಿಯಾಗಿ ಬರೆದೆ. ಹುಟ್ಟಿದಂದಿನಿಂದ ಬೇರೆಯವರ ಮಾತನ್ನೇ ನಕಲು ಮಾಡಿದವನಿಗೆ ಮೊದಲ ಸಲ ಸ್ವಂತಕ್ಕೆ ನಾಲ್ಕು ಹಾಳೆ ಸಿಕ್ಕಿತ್ತು. ಸೇನಾಪತಿಯನ್ನು ಹಿಮದಲ್ಲಿ ನಡೆಸಿಕೊಂಡು ಬಂದೆ, ಆಶ್ರಮದ ಬಾಗಿಲಲ್ಲಿ ಮಂಡಿಯೂರಿಸಿದೆ, ಗಳಗಳ ಅಳಿಸಿದೆ. ‘ನಿನ್ನದೇನೂ ತಪ್ಪಿಲ್ಲ’ ಅಂತ ಅವನ ಬಾಯಲ್ಲಿ ಹೇಳಿಸಿದೆ. ಆ ಮಾತು ಎಲ್ಲಿಂದ ಎತ್ತಿದ್ದು ಅಂತ ನಿಮಗೆ ಗೊತ್ತು. ಹೆಬ್ಬೆಟ್ಟಿನ ಮೂಲೆಯ ಆ ಸಣ್ಣ ಬರಹದವಳು ಇದನ್ನು ಓದಿ ಹೇಗೆ ಅತ್ತಾಳು ಅಂತ ನೆನೆದು ನೆನೆದು ಹಿಗ್ಗಿದೆ. ದೋಣಿಯವನು ಕಾಯುತ್ತಿದ್ದಾನೆ ಅನ್ನುವುದು ಆಗ ನೆನಪಿಗೆ ಬಂತಾ? ಬಂತು. ಕಥೆ ಓದಿ ಯಾರಾದರೂ ಬದುಕು ತೀರ್ಮಾನ ಮಾಡುತ್ತಾರಾ ಅಂತ ಅದನ್ನು ಗಾಳಿಗೆ ತೂರಿದೆ.

ಅವಳು ಕೊನೆಯ ಸಂಪುಟ ಒಯ್ದು ಎರಡೇ ದಿನಕ್ಕೆ ವಾಪಸು ತಂದಳು. ಕಣ್ಣು ಊದಿತ್ತು. ನನಗೆ ಬಗ್ಗಿ ನಮಸ್ಕಾರ ಮಾಡಿದಳು. ನಾನು, ನಾಚಿಕೆಯಿಲ್ಲದವನು, ಹಲ್ಲು ಕಿರಿದೆ.

ಮಂಜುಗಡ್ಡೆ ಕರಗಿತು. ಒಕ್ಚನಮ್ಮ ಅಂಗಡಿಯ ಮುಂದೆ ಮೀನಿನ ಬುಟ್ಟಿ ಕುಕ್ಕಿ ಕೂತಳು. “ಇಲ್ಲ ಅಂದ್ಳಂತೆ. ಆ ಮನುಷ್ಯ ಹಗ್ಗ ಬಿಚ್ಚಿ ದೋಣಿ ಬಿಟ್ಟ. ನಿಮ್ಮ ಸೇನಾಪತಿ ಅತ್ತಿದ್ದು ಸಾಕಾಗಿತ್ತು ಮೇಷ್ಟ್ರೇ, ಇವಳ ತಲೆ ಕೆಡೋಕೆ.” ಪಾಪ, ಅವಳು ಬರೆದವನನ್ನು ಬೈಯುತ್ತಿದ್ದಳು, ಬರೆದವನು ಎದುರಿಗೇ ಕೂತಿದ್ದ ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು ಮಸಿ ತೇಯುತ್ತಾ ಕೂತೆ.

ಅದಾಗಿ ಐದು ಚಳಿಗಾಲ ಕಳೆದವು. ಗ್ವಾಕ್ ದಕ್ಷಿಣದ ಯಾವುದೋ ದ್ವೀಪದಲ್ಲಿ ಮದುವೆಯಾದನಂತೆ, ಎರಡು ಹೆಣ್ಣು ಮಕ್ಕಳಂತೆ. ಯಾಂಗ್ಜುವಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬೇರೆ ಕಥೆ ಒಯ್ಯುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ ಬಂದು ನೂರಿಪ್ಪತ್ತನೇ ಸಂಪುಟವನ್ನೇ ಕೇಳುತ್ತಿದ್ದಳು. ಪ್ರತಿ ಸಲ ಎತ್ತಿ ಕೊಡುವಾಗ ನಿಜ ಹೇಳಿಬಿಡೋಣ ಅನಿಸುತ್ತಿತ್ತು. ಪ್ರತಿ ಸಲ ನುಂಗಿದೆ.

ಚಳಿಗಾಲಕ್ಕೆ ಅಂತ ಎಲೆಕೋಸು ಉಪ್ಪಿನಲ್ಲಿಡುವ ಕಾಲ. ಮಧ್ಯಾಹ್ನದ ಬಿಸಿಲಿತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಬಂದಳು. ಮೆಣಸಿನಪುಡಿ ಕಲಸಿ ಕೈ ಕೆಂಪಗಾಗಿತ್ತು, ಬೈತಲೆಯ ಹತ್ತಿರ ಕೂದಲು ನರೆತಿತ್ತು. “ಕೊನೇದು ಕೊಡಿ ಮೇಷ್ಟ್ರೇ,” ಅಂದಳು. ಆವತ್ತು ನನ್ನ ಕೈ ಕಪಾಟಿಗೆ ಹೋಗಲಿಲ್ಲ, ಪೆಟ್ಟಿಗೆಗೆ ಹೋಯಿತು. ಮೂಲಪ್ರತಿಯನ್ನು ತೆಗೆದು ಅವಳ ಮುಂದಿಟ್ಟೆ.

“ಇದೇನು?”

“ಕೊನೇ ಸಂಪುಟ. ನಿಜವಾದದ್ದು. ನೀವು ಓದಿದ್ದು ನಾನು ಕಟ್ಟಿದ್ದು.”

ಬೈಯುತ್ತಾಳೆ ಅಂತ ಕಾದೆ. ಬೈದರೆ ಸಾಕು ಅಂತ ಕಾದೆ.

“ಗೊತ್ತು,” ಅಂದಳು.

“ಏನು ಗೊತ್ತು?”

“ಎರಡನೇ ಹಾಳೆಯಲ್ಲೇ ಗೊತ್ತಾಯ್ತು. ನೂರಾ ಹತ್ತೊಂಬತ್ತು ಸಂಪುಟದಲ್ಲಿ ಒಂದ್ಸಲಾನೂ ಅಳದ ಮನುಷ್ಯ, ಬಾಗಿಲಿಗೆ ಬಂದು ಮಂಡಿಯೂರಿ ಗಳಗಳ ಅಳ್ತಾನೆ. ಹಳೇ ಬರಹಗಾರ ಹಾಗೆ ಬರೆಯೋನಲ್ಲ. ನೀವೇ ಬರೆದದ್ದು ಅಂದ್ಕೊಂಡೆ.”

“ಗೊತ್ತಿದ್ದೂ ಯಾಕೆ ಕಾದ್ರಿ ತಾಯಿ?”

ಅವಳು ಕೆಂಪು ಬೆರಳುಗಳನ್ನು ನೋಡಿಕೊಂಡಳು. “ನೀವು ಬರೆದದ್ದು ಅಂತಲೇ ಕಾದೆ. ನಿಮ್ಮಂಗಡಿಗೆ ಊರೆಲ್ಲ ಬರುತ್ತೆ. ನಮ್ಮನೆಯವರೂ ಬರ್ತಾರೆ ಅಂತ ಯಾರೋ ಹೇಳಿದ್ರು. ಅವರು ಬೇರೆ ಮದುವೆಯಾದ್ರು ಅಂತ ಅಣ್ಣ ಹೇಳ್ದ, ನನ್ನ ಸಾಗಹಾಕೋಕೆ ಹೇಳ್ತಾನೆ ಅಂದ್ಕೊಂಡೆ. ಮೇಷ್ಟ್ರು ಹಾಗೆಲ್ಲ ಮನಸ್ಸಿಗೆ ಬಂದದ್ದು ಬರೆಯೋರಲ್ಲ, ನಮ್ಮನೆಯವರ ಬಾಯಿಂದ ಏನೋ ಕೇಳಿರ್ತಾರೆ, ನೇರವಾಗಿ ಹೇಳೋಕಾಗದೆ ಕಥೇಲಿ ಹೇಳಿದ್ದಾರೆ ಅಂದ್ಕೊಂಡೆ. ‘ನಿನ್ನದೇನೂ ತಪ್ಪಿಲ್ಲ’ ಅಂತ ಇತ್ತಲ್ಲ. ಅದು ನನ್ನ ಮಾತು. ನನಗೇ ಉತ್ತರ ಕಳಿಸಿದ ಹಾಗಿತ್ತು.”

ಇಷ್ಟು ವರ್ಷ ನಾನು ನನ್ನ ತಪ್ಪನ್ನು ಒಂದು ಸುಳ್ಳು ಕಥೆ ಅಂತ ತಿಳಿದಿದ್ದೆ. ಅವಳು ಅದನ್ನು ಗಂಡ ಕಳಿಸಿದ ನಿಜದ ಕಾಗದ ಅಂತ ಓದಿದ್ದಳು.

“ನಿಮ್ಮನೆಯವರು ಬರ್ತಿದ್ರು,” ಅಂದೆ. ತಲೆ ಎತ್ತಲಾಗಲಿಲ್ಲ. “ಹೊಸ ಹೆಂಡತಿಗೆ ಪುಸ್ತಕ ಒಯ್ಯೋಕೆ ಬರ್ತಿದ್ರು. ಈಗ ಅವರಿಗೆ ಮಗ ಇದ್ದಾನೆ. ನಿಮ್ಮಣ್ಣ ಹೇಳಿದ್ದು ನಿಜ.”

“ಯಾವಾಗಿಂದ ಗೊತ್ತಿತ್ತು ನಿಮಗೆ?”

“ನೀವು ಎಂಬತ್ತನೇ ಸಂಪುಟದಲ್ಲಿದ್ದಾಗಿಂದ.”

ಅವಳು ಲೆಕ್ಕ ಹಾಕಿದಳು, ನನಗೆ ಕಂಡಿತು. ಎಂಬತ್ತರಿಂದ ನೂರಿಪ್ಪತ್ತು, ಅಲ್ಲಿಂದ ಮಂಜುಗಡ್ಡೆ ಕರಗಿದ ದಿನ, ಅಲ್ಲಿಂದ ಐದು ಚಳಿಗಾಲ. ಆಮೇಲೆ ಕೈಯನ್ನು ಲಂಗಕ್ಕೆ ಚೆನ್ನಾಗಿ ಒರೆಸಿಕೊಂಡು, ಪುಸ್ತಕಕ್ಕೆ ಮೆಣಸಿನ ಕಲೆ ತಾಗದ ಹಾಗೆ ಎತ್ತಿಕೊಂಡು ಹೋದಳು. ಕ್ಷಮಿಸಿ ಅಂತ ಕೇಳಬೇಕೆಂದು ಬಾಗಿಲ ತನಕ ಹೋದೆ. ಅವಳು ಹಳ್ಳದ ಸೇತುವೆ ದಾಟಿಬಿಟ್ಟಿದ್ದಳು.

ಮೂರನೇ ದಿನ ಬೆಳಿಗ್ಗೆ ಅಂಗಡಿಯ ಹಲಗೆಯ ಮೇಲೆ ಪುಸ್ತಕ ಇತ್ತು. ಅವಳಿರಲಿಲ್ಲ. ಒಂದೊಂದೇ ಹಾಳೆ ತಿರುವಿದೆ, ಎಲ್ಲಿಯೂ ಏನೂ ಇಲ್ಲ. ಕೊನೆಯ ಹಾಳೆಯಲ್ಲಿ, ಉನ್ಹೆ ದೋಣಿ ಹತ್ತುವ ಸಾಲಿನ ಕೆಳಗೆ, ಹೆಬ್ಬೆಟ್ಟಿನ ಮೂಲೆಯಲ್ಲಿ ಅದೇ ಸಣ್ಣ ನೆಟ್ಟಗಿನ ಬರಹ:

‘ಇದೇ ಚೆನ್ನಾಗಿದೆ. ಮೊದಲೇ ಕೊಡಬಹುದಿತ್ತು.’

ಅವಳು ಮತ್ತೆ ಬರಲಿಲ್ಲ. ಆ ಪ್ರತಿಯನ್ನು ನಾನು ಪೆಟ್ಟಿಗೆಗೆ ಹಾಕಲಿಲ್ಲ, ಕಪಾಟಿನಲ್ಲಿ ನನ್ನದರ ಪಕ್ಕದಲ್ಲೇ ಇಟ್ಟೆ, ಯಜಮಾನ ಏನಾದರೂ ಅನ್ನಲಿ ಅಂತ. ಜನ ಎರಡನ್ನೂ ಒಯ್ಯುತ್ತಾರೆ, ಅಂಚಿನಲ್ಲಿ ಕಾಲು ಕೆರೆದು ಜಗಳವಾಡುತ್ತಾರೆ. ‘ಥೂ, ಇದೆಂಥ ಕೊನೆ, ಆ ಇನ್ನೊಂದೇ ವಾಸಿ, ಅದರಲ್ಲಿ ಸೇನಾಪತಿ ಅಳುತ್ತಾನೆ’ ಅಂತ ಹತ್ತು ಜನರಲ್ಲಿ ಒಂಬತ್ತು ಜನ ಬರೆಯುತ್ತಾರೆ. ಅದನ್ನೆಲ್ಲ ದಿನಾ ಚಾಕು ಹಿಡಿದು ಕೆರೆಯುತ್ತೇನೆ. ಆ ಒಂದು ಮೂಲೆಯನ್ನು ಮಾತ್ರ ಮುಟ್ಟಲು ನನ್ನಿಂದ ಆಗಿಲ್ಲ.