ಮಾಸಿನಲ್ಲಿ ಉಳಿದ ಜ್ವರ

ಲಾಲ್ ಬೀಯ ಹೆಣ್ಣುಕೂಸು ಬೆಳಗಿನ ಜಾವ ಕೊಟ್ಟೂರಿನ ಆಸ್ಪತ್ರೆಯಲ್ಲಿ ಹುಟ್ಟಿತು. ದಿನ ತುಂಬಿದ್ದರೂ ತೀರಾ ಸಣ್ಣದಿತ್ತು. ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಬಾಟ್ಲಿ ಪಕ್ಕಕ್ಕಿಟ್ಟು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು. ಗಂಡ ದಾವಲ್ ಸಾಬ್ ಗೋರಿ ತೋಡಿಸಲು ಹೋದ.

"ಬಸುರಿ ಹೆಂಗಸು ಹಲವಾಗಲಿಗೆ ಹೋಗಬ್ಯಾಡ ಅಂದೆ. ಕೇಳಲಿಲ್ಲ," ಅತ್ತೆ ದಸ್ತಗೀರಬಿ ಗೋಡೆಗೆ ಮುಖ ಮಾಡಿ ಅಂದಳು. ಕೂಸಿನ ಮುಖವನ್ನು ಅವಳಿನ್ನೂ ನೋಡಿರಲಿಲ್ಲ.

ಹೊಳೆದಂಡೆಯ ಹಲವಾಗಲು ಲಾಲ್ ಬೀಯ ತವರು. 1983ರ ಮಳೆಗಾಲದಲ್ಲಿ ತಾಯಿ ಕಾಲು ಮುರಿದುಕೊಂಡಾಗ ನೋಡಿಕೊಳ್ಳಲು ಹೋಗಿದ್ದಳು. ಅಲ್ಲಿ ಚಳಿಜ್ವರ ಬಂತು. ಗುಳಿಗೆ ನುಂಗಿದ ಮೇಲೆ ಇಳಿಯಿತು. ಗಂಡನ ಊರು ಕೊಟ್ಟೂರಿಗೆ ಮರಳಿದಾಗ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿಸಿದರೆ ಏನೂ ಕಾಣಲಿಲ್ಲ. ಎಲ್ಲರೂ ನಿಶ್ಚಿಂತರಾಗಿದ್ದರು.

ಹೆರಿಗೆ ಮಾಡಿಸಿದ್ದ ಡಾಕ್ಟರ್ ಗುರುಬಸಮ್ಮ ಬಂದು ಮಂಚದ ಅಂಚಿಗೆ ಕುಳಿತರು.

"ಕೂಸಿನ ಹಿಂದ ಬಿದ್ದ ಮಾಸು ಕರ್ರಗಿತ್ತು. ಅದರ ರಕ್ತ ನೋಡಿದೆ. ಮಲೇರಿಯಾ ತುಂಬೈತಿ."

"ನನಗ ಜ್ವರಾನೇ ಇರ್ಲಿಲ್ಲಲ್ರಿ?"

"ಆ ರೋಗಾಣು ಹೊಕ್ಕ ರಕ್ತಕಣ ಮೈತುಂಬ ಓಡಾಡೋದು ಬಿಟ್ಟು ಮಾಸಿನಾಗ ಅಂಟಿಕೊಂಡು ಕೂಡ್ತಾವವ್ವಾ. ಬೆರಳಿನ ರಕ್ತದಾಗ ಕಾಣೂದಿಲ್ಲ. ತಾಯಿ ಆರಾಮ ಇರ್ತಾಳ. ಕೂಸಿಗೆ ಹೋಗಬೇಕಾದ್ದು ಮಾತ್ರ ಸರಿಯಾಗಿ ಹೋಗೂದಿಲ್ಲ."

ಲಾಲ್ ಬೀ ಮೊಣಕೈಯೂರಿ ಎದ್ದು ಕುಳಿತಳು. "ಅಂದ್ರ ನನ್ನ ಹೊಟ್ಟ್ಯಾಗ ಕೂಸು ಹಸಕೊಂಡಿತ್ತೇನ್ರಿ?"

ಡಾಕ್ಟರು ತಲೆ ತಗ್ಗಿಸಿದರು. "ನಿನಗ ಗೊತ್ತಾಗಾಕ ದಾರಿನ ಇರ್ಲಿಲ್ಲ. ನಮಗೂ ಇರ್ಲಿಲ್ಲ."

"ದಿನಾ ನನ್ನ ಪಾಲಿಗಿಂತ ಹೆಚ್ಚಿಗಿ ತಿಂತಿದ್ನಿರಿ. ಕೂಸಿಗಂತ ಅತ್ತೀನ ಬಿಸಿ ರೊಟ್ಟಿ ಬಡಿದು ಹಾಕ್ತಿದ್ರು. ಒಲ್ಲೆ ಅಂದ್ರೂ ಬಿಡ್ತಿರ್ಲಿಲ್ಲ."

ಗೋಡೆಯ ಕಡೆಯಿಂದ ಬಿಕ್ಕುವ ಸದ್ದು ಬಂತು. ದಸ್ತಗೀರಬಿ ಎದ್ದು ಬಂದಳು. ಬಟ್ಟೆ ಸರಿಸಿ ಕೂಸಿನ ಮುಖ ನೋಡಿ, ಎತ್ತಿ ಎದೆಗೊತ್ತಿಕೊಂಡಳು.

ಆಗಲೇ ದಾವಲ್ ಸಾಬ್ ಬಾಗಿಲಿಗೆ ಬಂದ. "ಎಲ್ಲಾ ತಯಾರಾಗೈತಿ. ಮಣ್ಣಿಗೆ ಇಡೂ ಮುಂಚೆ ಕೂಸಿಗೆ ಹೆಸರು ಇಡಬೇಕಂತ."

ಲಾಲ್ ಬೀ ಅತ್ತೆಯ ಕಡೆ ನೋಡಿದಳು.

"ಖಾಜಾಬೀ ಅನ್ನು," ಅಂದಳು ದಸ್ತಗೀರಬಿ. "ನಮ್ಮಮ್ಮಾನ ಹೆಸರು."

ಗಂಡಸರು ಕೂಸನ್ನು ಒಯ್ದರು. ಮೂರನೆಯ ದಿನ ಲಾಲ್ ಬೀಗೆ ಎದೆಹಾಲು ಇಳಿದು ಕುಪ್ಪಸ ತೊಯ್ದಿತು. ಹಾಲು ಬತ್ತಲೆಂದು ದಸ್ತಗೀರಬಿ ತನ್ನ ಹಳೆಯ ಸೀರೆ ಹರಿದು ಸೊಸೆಯ ಎದೆಗೆ ಬಿಗಿಯಾಗಿ ಕಟ್ಟಿದಳು.

"ನೋಯ್ತದೇನು?"

"ಹೂಂ ಅತ್ತಿ."

ಗಂಟು ಸಡಿಲ ಮಾಡಿ, ಅವಳು ಮತ್ತೊಮ್ಮೆ ಕಟ್ಟಿದಳು.